[[0] * 12] * 24: ಒಂದು ಮನೆಯ ರೀಡಿಂಗ್ ಹಾಕಿದರೆ ಎಲ್ಲ ಮನೆಗೂ ಬೀಳುತ್ತಿದೆ, ಯಾಕೆ?

ನೀರುಗಂಟಿ

ನಮ್ಮ ಅಪಾರ್ಟ್‌ಮೆಂಟಿನ ನೀರಿನ ಮೀಟರ್ ಲೆಕ್ಕವನ್ನು ಎಕ್ಸೆಲ್‌ನಿಂದ ಪೈಥಾನಿಗೆ ತರುತ್ತಿದ್ದೇನೆ. 24 ಮನೆ, 12 ತಿಂಗಳು. ಹೀಗೆ ಬರೆದೆ:

ಲೆಕ್ಕ = [[0] * 12] * 24
ಲೆಕ್ಕ[3][0] = 18

ನಾಲ್ಕನೇ ಮನೆಗೆ ಮಾತ್ರ 18 ಬರಬೇಕಲ್ಲವೇ? ಪ್ರಿಂಟ್ ಮಾಡಿದರೆ 24 ಮನೆಗಳಲ್ಲೂ ಮೊದಲ ತಿಂಗಳು 18 ಇದೆ. ತಮಾಷೆ ಏನೆಂದರೆ, ಒಂದೇ ಸಾಲು ಮಾಡಿ ನೋಡಿದರೆ ಸರಿಯಾಗಿಯೇ ಇದೆ:

ಸಾಲು = [0] * 12
ಸಾಲು[0] = 18

ಇಲ್ಲಿ ಮೊದಲನೆಯದು ಮಾತ್ರ 18, ಉಳಿದ ಹನ್ನೊಂದೂ ಸೊನ್ನೆ. ಎರಡೂ ಕಡೆ ಇರುವುದು ಅದೇ ಗುಣಾಕಾರದ ಚಿಹ್ನೆ. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಯಾಕೆ?

(ಕೋಡಿನ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ. ಪೈಥಾನ್ 3ರಲ್ಲಿ ಇವು ಹಾಗೇ ಓಡುತ್ತವೆ, ಅಂಟಿಸಿ ನೋಡಬಹುದು.)

ಬೈಟೂಕಾಫಿ

ಹೊರಗಿನ ಸ್ಟಾರ್ ತೆಗೆದು ಲಿಸ್ಟ್ ಕಾಂಪ್ರಿಹೆನ್ಷನ್ ಹಾಕಿ: [[0] * 12 ಫಾರ್ _ ಇನ್ ರೇಂಜ್(24)]. ಫಾರ್, ಇನ್, ರೇಂಜ್ ಮೂರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು ಅಂತ ಬೇರೆ ಹೇಳಬೇಕಿಲ್ಲ. ಕೆಲಸ ಮುಗೀತು.

ನೀರುಗಂಟಿ

ಸರಿಯಾಯಿತು ಸರ್. ಆದರೆ ಯಾಕೆ ಸರಿಯಾಯಿತು ಅಂತ ಗೊತ್ತಾಗಲಿಲ್ಲ. ಇನ್ನೊಂದು ಕಡೆ ಇದೇ ತೊಂದರೆ ಬೇರೆ ವೇಷದಲ್ಲಿ ಬಂದರೆ ಗುರುತು ಹಿಡಿಯುವುದು ಹೇಗೆ?

ಪಡುವಣಗಾಳಿ

ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಹಳೆಯ ಲೆಕ್ಕದಲ್ಲೇ ಈ ಸಾಲು ಓಡಿಸಿ:

ಲೆಕ್ಕ[3] = [18] + [0] * 11

ಈಗ ನಾಲ್ಕನೇ ಮನೆ ಮಾತ್ರ ಬದಲಾಗುತ್ತದೆ. ಅಂದರೆ ತೊಂದರೆ ಸ್ಟಾರ್‌ನದ್ದಲ್ಲ. ನೀವು ಬರೆದ ಎರಡು ಸಾಲುಗಳು ನೋಡಲು ಒಂದೇ ಥರ ಇದ್ದರೂ ಮಾಡುವ ಕೆಲಸ ಬೇರೆ.

ಪೈಥಾನ್‌ನಲ್ಲಿ ಪ್ರತಿ ಆಬ್ಜೆಕ್ಟ್‌ಗೂ ಮೂರು ಸಂಗತಿ ಇರುತ್ತವೆ: ಗುರುತು, ಟೈಪ್, ಬೆಲೆ. ಗುರುತು ಹುಟ್ಟಿದಾಗಿನಿಂದ ಸಾಯುವವರೆಗೂ ಅದೇ. ಬೆಲೆ ಬದಲಾಗಬಹುದೋ ಇಲ್ಲವೋ ಎಂಬುದನ್ನು ಟೈಪ್ ನಿರ್ಧರಿಸುತ್ತದೆ. ಲಿಸ್ಟ್, ಡಿಕ್ಷನರಿ, ಸೆಟ್ ಇವುಗಳ ಬೆಲೆಯನ್ನು ಇದ್ದ ಜಾಗದಲ್ಲೇ ತಿದ್ದಬಹುದು. ಇಂಟಿಜರ್, ಸ್ಟ್ರಿಂಗ್, ಟಪಲ್‌ಗಳನ್ನು ತಿದ್ದಲಾಗದು. ವೇರಿಯಬಲ್ ಎಂದರೆ ಡಬ್ಬಿಯಲ್ಲ, ಬರೀ ಹೆಸರು. ಮನೆಯಲ್ಲಿ ಪುಟ್ಟ, ಶಾಲೆಯ ಹಾಜರಿಯಲ್ಲಿ ಪ್ರಜ್ವಲ್. ಕರೆಯುವ ಹೆಸರು ಎರಡು, ಹುಡುಗ ಒಬ್ಬನೇ. ಪುಟ್ಟನಿಗೆ ಜ್ವರ ಬಂದರೆ ಪ್ರಜ್ವಲ್ ಶಾಲೆಗೆ ಹೋಗುವುದಿಲ್ಲ. ಲಿಸ್ಟಿನ ಒಂದೊಂದು ಸ್ಥಾನವೂ ಇಂಥದೇ ಒಂದು ಹೆಸರು.

ಈಗ ನಿಮ್ಮ ಕೋಡಿಗೆ ಬನ್ನಿ. [0] * 12 ಮಾಡಿದಾಗ ಹನ್ನೆರಡು ಸ್ಥಾನಗಳೂ ಒಂದೇ ಸೊನ್ನೆಯನ್ನು ತೋರಿಸುತ್ತವೆ. ಹೌದು, ಅಲ್ಲಿಯೂ ನಕಲು ಆಗಿಲ್ಲ! ಆದರೆ ಸಾಲು[0] = 18 ಎಂದಾಗ ನೀವು ಸೊನ್ನೆಯನ್ನು ತಿದ್ದಲಿಲ್ಲ, ತಿದ್ದಲು ಬರುವುದೂ ಇಲ್ಲ. ಮೊದಲ ಸ್ಥಾನವನ್ನು ಸೊನ್ನೆಯಿಂದ ಬಿಡಿಸಿ 18ಕ್ಕೆ ಕಟ್ಟಿದಿರಿ, ಅಷ್ಟೇ. ಉಳಿದ ಹನ್ನೊಂದು ಸ್ಥಾನಗಳು ಆ ಹಳೆಯ ಸೊನ್ನೆಯನ್ನೇ ಹಿಡಿದುಕೊಂಡಿವೆ.

ಲೆಕ್ಕ[3][0] = 18 ಎಂದಾಗ ಲೆಕ್ಕ[3] ಬರೀ ಓದಿಸಿಕೊಳ್ಳುತ್ತದೆ. ಅದು ಯಾವ ಲಿಸ್ಟ್ ಅಂತ ಹುಡುಕಿ, ಆ ಲಿಸ್ಟಿನ ಒಳಗೆ ಕೈ ಹಾಕಿ, ಮೊದಲ ಸ್ಥಾನವನ್ನು ಬದಲಿಸುತ್ತೀರಿ. ಆ ಒಂದೇ ಲಿಸ್ಟನ್ನು 24 ಸ್ಥಾನಗಳು ತೋರಿಸುತ್ತಿವೆ. ಅನುಮಾನವಿದ್ದರೆ 24 ಸಾಲುಗಳ ಐಡಿ(), ಅಂದರೆ ಗುರುತಿನ ಸಂಖ್ಯೆ, ತೆಗೆದು ಒಂದು ಸೆಟ್‌ಗೆ ಹಾಕಿ, ಸೆಟ್‌ನಲ್ಲಿ ಒಂದೇ ಸಂಖ್ಯೆ ಉಳಿಯುತ್ತದೆ. ಬೈಟೂಕಾಫಿಯವರ ಕಾಂಪ್ರಿಹೆನ್ಷನ್‌ನಲ್ಲಿ 24 ಉಳಿಯುತ್ತವೆ, ಯಾಕೆಂದರೆ ಅಲ್ಲಿ [0] * 12 ಎಂಬ ಮಾತು 24 ಸಲ ಹೊಸದಾಗಿ ಓಡುತ್ತದೆ.

ಗುರುತು ಹಿಡಿಯುವುದು ಹೇಗೆ ಅಂದಿರಿ. ಸಮ ಚಿಹ್ನೆಯ ಎಡಗಡೆ ಬರೀ ಹೆಸರಿದ್ದರೆ ಅದು ಕಟ್ಟುವ ಕೆಲಸ. ಹೆಸರಿನ ಮುಂದೆ ಬ್ರಾಕೆಟ್ಟೋ ಚುಕ್ಕಿಯೋ ಇದ್ದರೆ ಆ ಹೆಸರು ತೋರಿಸುವ ವಸ್ತುವನ್ನೇ ತಿದ್ದುವ ಕೆಲಸ. ಅಂಥ ಸಾಲು ಕಂಡಾಗಲೆಲ್ಲ "ಈ ವಸ್ತುವನ್ನು ಇನ್ಯಾರು ಹಿಡಿದುಕೊಂಡಿದ್ದಾರೆ?" ಅಂತ ಕೇಳಿಕೊಳ್ಳಿ.

ಗಿರ್ಮಿಟ್

ಪುಟ್ಟನ ಉದಾಹರಣಿ ಭಾರಿ ಆತು ಬಿಡ್ರಿ. ನನಗ ಅನ್ಸೂದು, ಡೀಪ್‌ಕಾಪಿ (ಒಳಗಿಂದೆಲ್ಲಾ ಸೇರಿಸಿ ನಕಲು ಮಾಡೂದು) ಹಾಕಿಬಿಟ್ರ ಮುಗೀತಲ್ಲ? ಹಳೆ ಲೆಕ್ಕಾನೇ ಡೀಪ್‌ಕಾಪಿ ಮಾಡಿದ್ರ 24 ಸಾಲೂ ಬ್ಯಾರೆ ಬ್ಯಾರೆ ಆಗ್ತಾವು. ಕಾಂಪ್ರಿಹೆನ್ಷನ್ ಯಾಕ ಬೇಕು?

ಬೈಟೂಕಾಫಿ

ಓಡಿಸಿ ನೋಡಿ ಹೇಳಿ ಗುರುಗಳೇ 🙂

ಗಿರ್ಮಿಟ್

ಏ, ಆಗವಲ್ದು! ಡೀಪ್‌ಕಾಪಿ ಮಾಡಿದ್ರೂ 24 ಸಾಲೂ ಒಂದ ಐಡಿ ತೋರಸಾಕತ್ತಾವು. ಹಳೆ ಐಡಿ ಅಲ್ಲ, ಹೊಸಾದು, ಆದ್ರ ಎಲ್ಲಾದಕ್ಕೂ ಅದ. ಇದ್ಯಾವ ಡೀಪ್ ರೀ?

ಪಡುವಣಗಾಳಿ

ಅದು ಬೇಕೆಂದೇ ಹಾಗೆ ಮಾಡಿರುವುದು. ಡೀಪ್‌ಕಾಪಿ ತಾನು ಈಗಾಗಲೇ ನಕಲಿಸಿದ ಆಬ್ಜೆಕ್ಟ್‌ಗಳ ಪಟ್ಟಿಯನ್ನು, ಅಂದರೆ ಮೆಮೊ ಡಿಕ್ಷನರಿಯನ್ನು, ಜೊತೆಗೇ ಇಟ್ಟುಕೊಂಡು ಹೋಗುತ್ತದೆ. ಒಂದೇ ಆಬ್ಜೆಕ್ಟ್ ಎರಡನೇ ಸಲ ಎದುರಾದರೆ ಹೊಸ ನಕಲು ಮಾಡದೆ ಮೊದಲಿನ ನಕಲನ್ನೇ ಕೊಡುತ್ತದೆ. ಹಾಗಿಲ್ಲದಿದ್ದರೆ ತನ್ನನ್ನೇ ತಾನು ಒಳಗಿಟ್ಟುಕೊಂಡ ಲಿಸ್ಟ್ ಸಿಕ್ಕಾಗ ನಕಲು ಮುಗಿಯುವುದೇ ಇಲ್ಲ. ಮೂಲದಲ್ಲಿ ಯಾವುದು ಯಾವುದರ ಜೊತೆ ಹಂಚಿಕೆಯಾಗಿದೆಯೋ ನಕಲಿನಲ್ಲೂ ಅದೇ ಆಕಾರ ಉಳಿಯುತ್ತದೆ.

ಇನ್ನೊಂದು ಮಜಾ ನೋಡಿ. ಅದೇ ಲೆಕ್ಕವನ್ನು ಜೇಸನ್ ಎಂಬ ಪಠ್ಯ ರೂಪಕ್ಕೆ ಬರೆದು ವಾಪಸ್ ಓದಿ. 24 ಸಾಲೂ ಬೇರೆ ಬೇರೆಯಾಗಿ ಬರುತ್ತವೆ! ಜೇಸನ್‌ನಲ್ಲಿ ಗುರುತು ಎನ್ನುವ ಕಲ್ಪನೆಯೇ ಇಲ್ಲ, ಇರುವುದು ಬೆಲೆ ಮಾತ್ರ. ಪೈಥಾನಿನದೇ ಪಿಕಲ್ ರೂಪದಲ್ಲಿ ಬರೆದು ಓದಿದರೆ ಹಂಚಿಕೆ ಹಾಗೇ ಉಳಿಯುತ್ತದೆ. ಯಾಮಲ್ ಎಂಬ ಇನ್ನೊಂದು ಪಠ್ಯ ರೂಪಕ್ಕೆ ಪೈಯಾಮಲ್ ಲೈಬ್ರರಿಯಿಂದ ಬರೆದರಂತೂ ಅದು ಕಣ್ಣಿಗೇ ಕಾಣುತ್ತದೆ: ಮೊದಲ ಸಾಲಿನ ಮುಂದೆ &ಐಡಿ001 ಅಂತ ಹಾಕಿ, ಉಳಿದ 23 ಕಡೆ ಬರೀ *ಐಡಿ001 ಅಂತ ಬರೆದಿರುತ್ತದೆ. ಡೇಟಾ ಎಲ್ಲಿ ಹಂಚಿಕೆಯಾಗಿದೆ ಅಂತ ಪತ್ತೆಯಾಗದೆ ಒದ್ದಾಡುವಾಗ ಒಮ್ಮೆ ಯಾಮಲ್‌ಗೆ ಸುರಿದು ನೋಡುವುದು ಒಳ್ಳೆಯ ಉಪಾಯ.

ಗಿರ್ಮಿಟ್

ಇದನ್ನ ಬರದ ಇಟ್ಕೋತೀನಿ. ಹಂಗಾದ್ರ ಇನ್ನೊಂದು. ಇಂಟರ್ವ್ಯೂದಾಗ ಎಲ್ಲಾರೂ ಕೇಳೂ ಪ್ರಶ್ನಿ: ಅ = 256, ಬ = 256 ಅಂದ್ರ "ಅ ಈಸ್ ಬ" (ಎರಡೂ ಒಂದ ಆಬ್ಜೆಕ್ಟ್ ಏನು ಅಂತ ಕೇಳೂದು) ಟ್ರೂ. 257 ಹಾಕಿದ್ರ ಫಾಲ್ಸ್. ಆದ್ರ ನಾ ಫೈಲ್‌ನಾಗ ಬರದು ಓಡಿಸಿದ್ರ 257ಕ್ಕೂ ಟ್ರೂ ಬರ್ತೈತಿ. ಯಾವುದು ಖರೆ?

ಪಡುವಣಗಾಳಿ

ಎರಡೂ ಖರೆ, ಎರಡಕ್ಕೂ ಅರ್ಥವಿಲ್ಲ.

ಸಿಪೈಥಾನ್ (ನಾವೆಲ್ಲ ಸಾಮಾನ್ಯವಾಗಿ ಬಳಸುವ ಪೈಥಾನ್) ಶುರುವಾಗುವಾಗಲೇ ಸಣ್ಣ ಪೂರ್ಣಾಂಕಗಳನ್ನು ಮಾಡಿಟ್ಟುಕೊಳ್ಳುತ್ತದೆ. ಬಹುಕಾಲದಿಂದ ಎಲ್ಲರೂ ಬಾಯಿಪಾಠ ಮಾಡಿರುವ ಮಿತಿ -5ರಿಂದ 256. ಅದರೊಳಗಿನ ಯಾವ ಸಂಖ್ಯೆ ಕೇಳಿದರೂ ಅದೇ ಆಬ್ಜೆಕ್ಟ್ ಸಿಗುತ್ತದೆ. 257 ಕೇಳಿದರೆ ಹೊಸದು. ಇಂಟರ್‌ಪ್ರಿಟರ್ ಪ್ರಾಂಪ್ಟ್‌ನಲ್ಲಿ ಒಂದೊಂದು ಸಾಲೂ ಬೇರೆ ಬೇರೆ ಕಂಪೈಲ್ ಆಗುವುದರಿಂದ ಎರಡು 257 ಹುಟ್ಟುತ್ತವೆ. ಫೈಲ್‌ನಲ್ಲಿ ಇಡೀ ಮಾಡ್ಯೂಲ್ ಒಟ್ಟಿಗೆ ಕಂಪೈಲ್ ಆಗುತ್ತದೆ, ಕಂಪೈಲರ್ ಒಂದೇ ಥರದ ಕಾನ್ಸ್ಟಂಟ್‌ಗಳನ್ನು ಒಂದು ಮಾಡಿಬಿಡುತ್ತದೆ, ಹಾಗಾಗಿ ಟ್ರೂ. ಪೈಥಾನಿನ ಇನ್ನೊಂದು ಇಂಪ್ಲಿಮೆಂಟೇಷನ್ ಆದ ಪೈಪೈನಲ್ಲಿ ಓಡಿಸಿದರೆ ಇಂಟಿಜರ್‌ಗಳಿಗೆ "ಈಸ್" ಬೆಲೆಯನ್ನೇ ಹೋಲಿಸುತ್ತದೆ, ಅಲ್ಲಿ 257 ಆದರೂ ಟ್ರೂ, ಎರಡು ಕೋಟಿ ಆದರೂ ಟ್ರೂ.

ಭಾಷೆಯ ರೆಫರೆನ್ಸ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬದಲಾಗದ ಟೈಪ್‌ಗಳಲ್ಲಿ ಹೊಸ ಆಬ್ಜೆಕ್ಟ್ ಕೊಡಬಹುದು, ಅದೇ ಬೆಲೆಯ ಹಳೆಯದನ್ನೂ ಕೊಡಬಹುದು, ಅದು ಇಂಪ್ಲಿಮೆಂಟೇಷನ್‌ಗೆ ಬಿಟ್ಟಿದ್ದು. ಬದಲಾಗುವ ಟೈಪ್‌ಗಳಲ್ಲಿ ಆ ಸ್ವಾತಂತ್ರ್ಯ ಇಲ್ಲ: ಅ = [] ಮತ್ತು ಬ = [] ಎಂದರೆ ಎರಡು ಲಿಸ್ಟ್ ಇರಲೇಬೇಕು. ಕಾರಣ ಸರಳ. ವಸ್ತು ಬದಲಾಗುವುದೇ ಇಲ್ಲ ಎಂದಾದರೆ ಅದು ಒಂದೋ ಎರಡೋ ಎಂದು ಪತ್ತೆ ಮಾಡಲು "ಈಸ್", ಐಡಿ() ಬಿಟ್ಟರೆ ಬೇರೆ ದಾರಿಯೇ ಇಲ್ಲ. ಬದಲಾಗುತ್ತದೆ ಎಂದಾದಾಗ ಮಾತ್ರ ಒಂದನ್ನು ತಿದ್ದಿದರೆ ಇನ್ನೊಂದೂ ಬದಲಾಯಿತೇ ಎಂಬ ಪ್ರಶ್ನೆ ಹುಟ್ಟುತ್ತದೆ. ಗುರುತಿನ ತಲೆನೋವು ಶುರುವಾಗುವುದೇ ತಿದ್ದುಪಡಿಯಿಂದ. ಇಡೀ ಚರ್ಚೆಯಲ್ಲಿ ನಾನು ಹೇಳಬೇಕಾದ್ದು ಇಷ್ಟೇ, ಉಳಿದದ್ದೆಲ್ಲ ಇದರ ಉದಾಹರಣೆ.

ಸಂಖ್ಯೆ, ಸ್ಟ್ರಿಂಗ್‌ಗಳಿಗೆ "ಈಸ್" ಬಳಸಬೇಡಿ. 3.8ರಿಂದ ಲಿಟರಲ್ ಜೊತೆ "ಈಸ್" ಬರೆದರೆ ಪೈಥಾನೇ ಸಿಂಟ್ಯಾಕ್ಸ್ ವಾರ್ನಿಂಗ್ ಕೊಡುತ್ತದೆ. ನನ್ ("ಏನೂ ಇಲ್ಲ" ಎಂದು ಸೂಚಿಸುವ ಪೈಥಾನ್ ಬೆಲೆ) ಇದೆಯೇ ಎಂದು ನೋಡಲು ಮಾತ್ರ "ಈಸ್ ನನ್" ಸರಿ, ಅದು ಇರುವುದೇ ಒಂದು. ಇಂಟರ್ವ್ಯೂನಲ್ಲಿ 256 ಕೇಳುವವರು ಅಭ್ಯರ್ಥಿಗೆ ಪೈಥಾನ್ ಬರುತ್ತದೆಯೇ ಅಂತ ನೋಡುತ್ತಿಲ್ಲ, ಕೋಚಿಂಗ್ ಪಿಡಿಎಫ್ ಓದಿದ್ದಾನೆಯೇ ಅಂತ ನೋಡುತ್ತಿದ್ದಾರೆ.

ಅರ್ಧವಿರಾಮ

ಕೊನೆಯ ಮಾತು ಒಪ್ಪುವುದಿಲ್ಲ ಸರ್. ಜಾವಾ ಕಡೆಯಿಂದ ಬಂದವಳಾಗಿ ಹೇಳುತ್ತಿದ್ದೇನೆ, ಈ ಪ್ರಶ್ನೆ ನಮಗೆ ತುಂಬ ಮುಖ್ಯ. ಜಾವಾದಲ್ಲಿ ಆಬ್ಜೆಕ್ಟ್‌ಗಳ ನಡುವೆ == ಹಾಕಿದರೆ ಹೋಲಿಸುವುದು ಗುರುತನ್ನು. ಬೆಲೆ ಹೋಲಿಸಲು ಈಕ್ವಲ್ಸ್() ಬರೆಯಬೇಕು. ಇಂಟಿಜರ್ ಬಾಕ್ಸಿಂಗ್‌ನಲ್ಲಿ (ಬರೀ ಸಂಖ್ಯೆಯನ್ನು ಆಬ್ಜೆಕ್ಟ್ ಮಾಡುವುದು) -128ರಿಂದ 127ರವರೆಗೆ ಒಂದೇ ಆಬ್ಜೆಕ್ಟ್ ಸಿಗಬೇಕು ಅಂತ ಭಾಷೆಯ ನಿಯಮದಲ್ಲೇ ಬರೆದಿದೆ. 128 ಆದರೆ ಸಾಮಾನ್ಯವಾಗಿ ಬೇರೆ ಬೇರೆ.

ಇದರಿಂದ ಆಗುವ ಅನಾಹುತ ಊಹಿಸಿ. ಎರಡು ಗ್ರಾಹಕ ಸಂಖ್ಯೆಗಳನ್ನು == ಹಾಕಿ ಹೋಲಿಸಿದ ಕೋಡ್ ಇದೆ. ಟೆಸ್ಟ್ ಡೇಟಾದಲ್ಲಿ ಗ್ರಾಹಕ 1, 2, 3. ಎಲ್ಲ ಹಸಿರು. ರಿವ್ಯೂನಲ್ಲೂ ಯಾರಿಗೂ ಕಾಣುವುದಿಲ್ಲ, ಯಾಕೆಂದರೆ ಪ್ರಿಮಿಟಿವ್ ಇಂಟ್‌ಗೆ == ಬರೆಯುವುದೇ ಸರಿ, ಕಣ್ಣು ಅದಕ್ಕೆ ಒಗ್ಗಿದೆ. ಪ್ರೊಡಕ್ಷನ್‌ನಲ್ಲಿ ಗ್ರಾಹಕ ಸಂಖ್ಯೆ ಏಳಂಕಿ. ಅಲ್ಲಿ ಯಾರೂ ಯಾರಿಗೂ ಸಮ ಅಲ್ಲ, ತನಗೆ ತಾನೇ ಸಮ ಅಲ್ಲ! ಹಾಗಾಗಿ ಹೊಸಬರನ್ನು ತೆಗೆದುಕೊಳ್ಳುವಾಗ ನಾನು 127/128 ಕೇಳಿಯೇ ಕೇಳುತ್ತೇನೆ.

ಜಾವಾದ ವಲ್ಹಾಲಾ ಯೋಜನೆಯಲ್ಲಿ ಗುರುತೇ ಇಲ್ಲದ ವ್ಯಾಲ್ಯೂ ಕ್ಲಾಸ್‌ಗಳನ್ನು ತರುತ್ತಿರುವುದಕ್ಕೆ ಇದೂ ಒಂದು ಕಾರಣ. ಅಂಥ ಆಬ್ಜೆಕ್ಟ್‌ಗಳಿಗೆ == ಹಾಕಿದರೆ ಒಳಗಿನ ಫೀಲ್ಡ್‌ಗಳೇ ಹೋಲಿಕೆಯಾಗುತ್ತವೆ. ಫೀಲ್ಡ್‌ಗಳೆಲ್ಲ ಫೈನಲ್ ಆಗಿರಬೇಕು ಎಂಬುದು ಷರತ್ತು. ಗುರುತು ಬಿಡಬೇಕೆಂದರೆ ಬದಲಾವಣೆಯನ್ನೂ ಬಿಡಬೇಕು, ನೀವು ಹೇಳಿದ್ದೇ.

ಪಡುವಣಗಾಳಿ

ಜಾವಾಕ್ಕೆ ಒಪ್ಪಿದೆ ಮೇಡಂ. ಅಲ್ಲಿ ಅದು ನಿಯಮ, ಇಲ್ಲಿ ಬರೀ ಉಳಿತಾಯದ ಉಪಾಯ.

ಬೈಟೂಕಾಫಿ

ಬದಲಾಗುವುದು, ಬದಲಾಗದ್ದು ಅಂತ ಎರಡೇ ಜಾತಿ ಮಾಡಿ ಕೂತರೆ ಸಾಲದು. ಈ ಎರಡು ಸಾಲು ನೋಡಿ:

ಟ = ([1, 2], 5)
ಟ[0] += [3]

ಏನಾಗುತ್ತದೆ? ಓಡಿಸದೆ ಹೇಳಬೇಕು.

ನೀರುಗಂಟಿ

ಟಪಲ್ ತಿದ್ದಲು ಬರುವುದಿಲ್ಲ ಅಂದಮೇಲೆ ಎರರ್ ಬರಬೇಕು.

ಗಿರ್ಮಿಟ್

ಟಪಲ್ ಒಳಗಿನ ಲಿಸ್ಟ್ ತಿದ್ದಬಹುದಲ್ರೀ. ([1, 2, 3], 5) ಆಗ್ತೈತಿ, ಎರರ್ ಬರಂಗಿಲ್ಲ.

ಬೈಟೂಕಾಫಿ

ಇಬ್ಬರೂ ಅರ್ಧರ್ಧ ಸರಿ. ಟೈಪ್ ಎರರ್ ಬರುತ್ತದೆ. ಆಮೇಲೆ ಟ ಪ್ರಿಂಟ್ ಮಾಡಿ ನೋಡಿದರೆ ([1, 2, 3], 5) ಆಗಿಯೂ ಇರುತ್ತದೆ!

+= ಒಂದು ಕೆಲಸವಲ್ಲ, ಮೂರು. ಮೊದಲು ಟ[0] ಓದುತ್ತದೆ. ಸಿಕ್ಕ ಲಿಸ್ಟಿಗೆ ಅದರ ಜಾಗದಲ್ಲೇ 3 ಸೇರಿಸುತ್ತದೆ, ಇಲ್ಲಿಗೆ ಲಿಸ್ಟ್ ಬದಲಾಯಿತು. ಕೊನೆಗೆ ಬಂದ ಉತ್ತರವನ್ನು ಟ[0]ಗೆ ವಾಪಸ್ ಕಟ್ಟಲು ಹೋಗುತ್ತದೆ. ಟಪಲ್ ಅಲ್ಲಿ ಬಾಗಿಲು ಹಾಕುತ್ತದೆ. ಆಗಿಹೋದ ಎರಡನೇ ಹೆಜ್ಜೆಯನ್ನು ಯಾರೂ ಹಿಂದಕ್ಕೆ ತೆಗೆಯುವುದಿಲ್ಲ. ಟ[0].ಎಕ್ಸ್‌ಟೆಂಡ್([3]) ಎಂದು ಬರೆದಿದ್ದರೆ ಮೂರನೇ ಹೆಜ್ಜೆಯೇ ಇಲ್ಲ, ಎರರ್ ಕೂಡ ಇಲ್ಲ.

ಟಪಲ್ ಮಾತು ಕೊಟ್ಟಿರುವುದು ತನ್ನ ಸ್ಥಾನಗಳು ಯಾವ ವಸ್ತುವನ್ನು ತೋರಿಸುತ್ತವೆ ಎಂಬುದು ಬದಲಾಗುವುದಿಲ್ಲ ಅಂತ. ಆ ವಸ್ತುವಿನ ಬೆಲೆ ಬದಲಾಗುವುದಿಲ್ಲ ಅಂತ ಅದು ಎಂದೂ ಹೇಳಿಲ್ಲ. ಜಾವಾಸ್ಕ್ರಿಪ್ಟಿನ ಕಾನ್ಸ್ಟ್ ಇನ್ನೂ ದುರ್ಬಲ, ಅದು ಕಟ್ಟಿಹಾಕುವುದು ಹೆಸರನ್ನು ಮಾತ್ರ. ಆಬ್ಜೆಕ್ಟ್.ಫ್ರೀಜ್ ಕೂಡ ಮೇಲಿನ ಒಂದು ಪದರಕ್ಕಷ್ಟೇ.

ಗಿರ್ಮಿಟ್

ಫಂಕ್ಷನ್‌ಗೆ ಕಳಸ್ತೀವಲ್ಲ, ಅದು ಪಾಸ್ ಬೈ ವ್ಯಾಲ್ಯೂನೋ ಪಾಸ್ ಬೈ ರೆಫರೆನ್ಸೋ? ನಮ್ಮ ಕಾಲೇಜ್ ನೋಟ್ಸ್‌ನಾಗ "ಲಿಸ್ಟ್ ಬೈ ರೆಫರೆನ್ಸ್, ಇಂಟಿಜರ್ ಬೈ ವ್ಯಾಲ್ಯೂ" ಅಂತಿತ್ತು.

ಅರ್ಧವಿರಾಮ

ಆ ನೋಟ್ಸ್ ಹರಿದುಹಾಕಿ. ಪೈಥಾನ್ ಎರಡಕ್ಕೂ ಒಂದೇ ಕೆಲಸ ಮಾಡುತ್ತದೆ: ಒಳಗಿನ ಪ್ಯಾರಾಮೀಟರ್ ಹೆಸರನ್ನು ಹೊರಗಿನ ಅದೇ ಆಬ್ಜೆಕ್ಟ್‌ಗೆ ಕಟ್ಟುತ್ತದೆ. ಒಳಗೆ ಅದನ್ನು ತಿದ್ದಿದರೆ ಹೊರಗೂ ಕಾಣುತ್ತದೆ. ಒಳಗೆ ಹೆಸರನ್ನು ಬೇರೆಯದಕ್ಕೆ ಕಟ್ಟಿದರೆ ಹೊರಗೆ ಏನೂ ಆಗುವುದಿಲ್ಲ. ಇಂಟಿಜರ್ ತಿದ್ದಲು ಬರುವುದಿಲ್ಲವಾದ್ದರಿಂದ ಮೊದಲ ಸಾಧ್ಯತೆಯೇ ಇಲ್ಲ, ಅದಕ್ಕೇ ಅದು ಬೈ ವ್ಯಾಲ್ಯೂ ಥರ ಕಾಣುವುದು. ಎಂಐಟಿಯಲ್ಲಿ ಬಾರ್ಬರಾ ಲಿಸ್ಕೋವ್ ತಂಡ 1970ರ ದಶಕದಲ್ಲಿ ಮಾಡಿದ ಸಿಎಲ್‌ಯು ಭಾಷೆಯಲ್ಲಿ ಇದನ್ನು ಕಾಲ್ ಬೈ ಶೇರಿಂಗ್ ಎಂದು ಕರೆದರು. ಹೆಸರು ಹಳೆಯದು, ಪಠ್ಯಪುಸ್ತಕಗಳಿಗೆ ಮಾತ್ರ ಇನ್ನೂ ತಲುಪಿಲ್ಲ.

ಪಡುವಣಗಾಳಿ

ಜೊತೆಗೇ ಡೀಫಾಲ್ಟ್ ಆರ್ಗ್ಯುಮೆಂಟ್ ವಿಷಯವನ್ನೂ ಮುಗಿಸಿಬಿಡೋಣ. ಪ್ಯಾರಾಮೀಟರ್‌ಗೆ ಪಟ್ಟಿ=[] ಅಂತ ಕೊಟ್ಟರೆ ಆ ಲಿಸ್ಟ್ ಹುಟ್ಟುವುದು ಡೆಫ್ ಓಡಿದಾಗ, ಒಂದೇ ಸಲ. ಪ್ರತಿ ಕರೆಯಲ್ಲೂ ಅದೇ ಸಿಗುತ್ತದೆ, ಹಿಂದಿನ ಕರೆಯ ಕಸದ ಸಮೇತ. ನನ್ ಕೊಟ್ಟು ಒಳಗೆ ಹೊಸ ಲಿಸ್ಟ್ ಮಾಡಿಕೊಳ್ಳಿ. ಡೇಟಾಕ್ಲಾಸ್‌ನಲ್ಲಿ ಫೀಲ್ಡಿಗೆ [] ಡೀಫಾಲ್ಟ್ ಕೊಟ್ಟರೆ ಅದು ವ್ಯಾಲ್ಯೂ ಎರರ್ ಎಸೆದು ನಿಲ್ಲಿಸುತ್ತದೆ. ಒಳ್ಳೆಯ ನಿರ್ಧಾರ, ಫಂಕ್ಷನ್‌ಗಳಿಗೂ ಇರಬೇಕಿತ್ತು.

ನೀರುಗಂಟಿ

ಬೇರೆ ವೇಷದಲ್ಲಿ ಬಂದರೆ ಅಂದಿದ್ದೆನಲ್ಲ, ಬಂದೇಬಿಟ್ಟಿತು. ಆದರೆ ಇದು ಉಲ್ಟಾ. ಮನೆ ಮಾಲೀಕರ ಊರನ್ನು ಕೀ ಮಾಡಿ ಡಿಕ್ಷನರಿಯಲ್ಲಿ ಎಣಿಸುತ್ತಿದ್ದೇನೆ. ಸಂಘದ ಹಳೆಯ ಪಟ್ಟಿಯಿಂದ ಕೆಲವು ಹೆಸರು, ಈಗ ಮೊಬೈಲಿನಲ್ಲಿ ಟೈಪ್ ಮಾಡಿದ ಕೆಲವು. "ಕೋಲಾರ" ಎರಡು ಸಲ ಬರುತ್ತಿದೆ. ಕಣ್ಣಿಗೆ ಒಂದೇ. == ಹಾಕಿದರೆ ಫಾಲ್ಸ್. "ಈಸ್" ಹಾಕಬೇಡಿ ಅಂದಿರಿ ಅಂತ ಹಾಕಲಿಲ್ಲ 😄

ಲಿಪಿಕಾರ

ಈ ಪ್ರಶ್ನೆಗಾಗಿ ಕಾಯುತ್ತಿದ್ದೆ. ಎರಡೂ ಸ್ಟ್ರಿಂಗ್‌ಗಳ ಉದ್ದ ನೋಡಿ. ಒಂದು 5, ಇನ್ನೊಂದು 7 ಬರುತ್ತದೆ ಅಂತ ನನ್ನ ಅಂದಾಜು.

ನೀರುಗಂಟಿ

ಹೌದು! ಹೇಗೆ ಗೊತ್ತಾಯಿತು?

ಲಿಪಿಕಾರ

"ಕೋ" ಬರೆಯಲು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ದಾರಿ ಇದೆ. ಒಂದು, ಕ ಮತ್ತು ಓ-ಸ್ವರಚಿಹ್ನೆ 0ಸಿಸಿಬಿ, ಒಟ್ಟು ಎರಡು ಕೋಡ್‌ಪಾಯಿಂಟ್ (ಯೂನಿಕೋಡ್ ಒಂದೊಂದು ಚಿಹ್ನೆಗೆ ಕೊಟ್ಟ ಸಂಖ್ಯೆ). ಇನ್ನೊಂದು, ಕ, ಆಮೇಲೆ ಎ-ಸ್ವರಚಿಹ್ನೆ 0ಸಿಸಿ6, ಊ-ಸ್ವರಚಿಹ್ನೆ 0ಸಿಸಿ2, ಕೊನೆಗೆ ದೀರ್ಘದ ಚಿಹ್ನೆ 0ಸಿಡಿ5, ಒಟ್ಟು ನಾಲ್ಕು. ಪರದೆಯ ಮೇಲೆ ಎರಡೂ ಒಂದೇ. ಯೂನಿಕೋಡ್ ಪ್ರಕಾರವೂ ಇವೆರಡು ಸಮಾನ. ಆದರೆ ಪೈಥಾನಿನ == ಯೂನಿಕೋಡ್ ಸಮಾನತೆಯನ್ನು ಕೇಳುವುದಿಲ್ಲ, ಕೋಡ್‌ಪಾಯಿಂಟ್‌ಗಳನ್ನು ಒಂದೊಂದಾಗಿ ಹೋಲಿಸುತ್ತದೆ. ಹಳೆಯ ಫಾಂಟ್ ಎನ್‌ಕೋಡಿಂಗ್‌ನಲ್ಲಿ ಸ್ವರಚಿಹ್ನೆಗಳು ತುಂಡುತುಂಡಾಗಿ ಇರುತ್ತಿದ್ದವು. ಅಂಥ ಕಡತವನ್ನು ಯೂನಿಕೋಡ್‌ಗೆ ತಿರುಗಿಸುವಾಗ ತುಂಡುಗಳು ಹಾಗೇ ಉಳಿದಿದ್ದರೆ ಹೀಗಾಗುತ್ತದೆ. ಕೀ, ಕೇ, ಕೈ, ಕೊ ಎಲ್ಲದರಲ್ಲೂ ಇದೇ ಕಥೆ.

ಪರಿಹಾರ: ಹೊರಗಿನಿಂದ ಬಂದ ಪ್ರತಿ ಸ್ಟ್ರಿಂಗನ್ನೂ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್ ಫಂಕ್ಷನ್‌ಗೆ "ಎನ್‌ಎಫ್‌ಸಿ" (ತುಂಡುಗಳನ್ನು ಜೋಡಿಸಿದ ಯೂನಿಕೋಡ್ ರೂಪ) ಕೊಟ್ಟು ಹಾಯಿಸಿ, ಆಮೇಲೆ ಕೀ ಮಾಡಿ. ಇಷ್ಟು ಮಾಡಿದ ಮೇಲೂ ಎರಡೆರಡು ಬಂದರೆ ಪದದ ಕೊನೆಯಲ್ಲಿ ಜೀರೋ ವಿಡ್ತ್ ನಾನ್ ಜಾಯಿನರ್ (ಅಕ್ಷರಗಳು ಒತ್ತಕ್ಷರವಾಗಿ ಕೂಡದಂತೆ ತಡೆಯುವ ಅಗೋಚರ ಚಿಹ್ನೆ) ಕೂತಿದೆಯೇ ನೋಡಿ. "ಮೀಟರ್" ಎಂಬುದರ ಕೊನೆಗೆ ಅದು ಇದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಸ್ಟ್ರಿಪ್() ಅದನ್ನು ತೆಗೆಯುವುದಿಲ್ಲ, ಯಾಕೆಂದರೆ ಅದು ವೈಟ್‌ಸ್ಪೇಸ್ ಲೆಕ್ಕಕ್ಕೆ ಬರುವುದಿಲ್ಲ. ಎನ್‌ಎಫ್‌ಸಿ ಕೂಡ ತೆಗೆಯುವುದಿಲ್ಲ.

ಈಗ ಈ ಚರ್ಚೆಗೆ ನೇರ ಸಂಬಂಧಪಟ್ಟಿದ್ದು. ನೀವು ವೇರಿಯಬಲ್ ಹೆಸರುಗಳನ್ನೂ ಕನ್ನಡದಲ್ಲಿ ಇಟ್ಟಿದ್ದೀರಲ್ಲ, ಅಲ್ಲಿ ನಿಯಮ ಬೇರೆ. ಪೈಥಾನ್ ಪ್ರೋಗ್ರಾಮ್ ಓದುವಾಗ ಹೆಸರುಗಳನ್ನು ಎನ್‌ಎಫ್‌ಸಿಯಂಥದೇ ಆದ ಎನ್‌ಎಫ್‌ಕೆಸಿ ರೂಪಕ್ಕೆ ತಂದುಕೊಳ್ಳುತ್ತದೆ. ಹಾಗಾಗಿ ಐದು ಕೋಡ್‌ಪಾಯಿಂಟಿನ ಕೋಲಾರ = 1 ಎಂದು ಬರೆದು, ಕೆಳಗೆ ಏಳು ಕೋಡ್‌ಪಾಯಿಂಟಿನ ಕೋಲಾರ ಪ್ರಿಂಟ್ ಮಾಡಿದರೆ 1 ಬರುತ್ತದೆ. ಹೆಸರಾಗಿ ಎರಡೂ ಒಂದೇ. ಅವನ್ನೇ ಕೋಟ್ ಒಳಗಿಟ್ಟರೆ ಎರಡು ಬೇರೆ ಸ್ಟ್ರಿಂಗ್. ಒಂದೇ ಫೈಲ್‌ನಲ್ಲಿ, ಅದೇ ಅಕ್ಷರಗಳಿಗೆ, ಎರಡು ನ್ಯಾಯ! ಜೀರೋ ವಿಡ್ತ್ ನಾನ್ ಜಾಯಿನರ್ ಇರುವ ಹೆಸರನ್ನಂತೂ ಪೈಥಾನ್ ಒಪ್ಪುವುದೇ ಇಲ್ಲ. "ಫ್ಲ್ಯಾಟ್‌ಗಳು" ಅಂತ ವೇರಿಯಬಲ್ ಇಟ್ಟು ನೋಡಿ, ಸಿಂಟ್ಯಾಕ್ಸ್ ಎರರ್ ಬರುತ್ತದೆ.

ನೀರುಗಂಟಿ

ನಾರ್ಮಲೈಜ್ ಮಾಡಿದ ಮೇಲೆ ಕೋಲಾರ ಒಂದೇ ಆಯಿತು. ಇನ್ನೊಂದು ಅನುಮಾನ. ಊರು, ಮನೆ ನಂಬರ್ ಎರಡನ್ನೂ ಸೇರಿಸಿ ಲಿಸ್ಟ್ ಮಾಡಿ ಕೀ ಕೊಟ್ಟರೆ "ಅನ್‌ಹ್ಯಾಶಬಲ್" ಅನ್ನುತ್ತದೆ. ಟಪಲ್ ಕೊಟ್ಟರೆ ಸುಮ್ಮನಿರುತ್ತದೆ.

ಪಡುವಣಗಾಳಿ

ಡಿಕ್ಷನರಿ ಕೀಯನ್ನು ಅದರ ಬೆಲೆಯಿಂದ ಲೆಕ್ಕ ಹಾಕಿದ ಹ್ಯಾಶ್ ಎಂಬ ಸಂಖ್ಯೆ ನೋಡಿ ಒಂದು ಜಾಗದಲ್ಲಿಡುತ್ತದೆ. ಇಟ್ಟ ಮೇಲೆ ಕೀಯ ಬೆಲೆ ಬದಲಾದರೆ ಹುಡುಕುವಾಗ ಹೊಸ ಹ್ಯಾಶ್ ಬಂದು ಬೇರೆ ಜಾಗಕ್ಕೆ ಹೋಗಿ ನೋಡುತ್ತದೆ, ಅಲ್ಲಿ ಏನೂ ಇರುವುದಿಲ್ಲ. ಲೂಪ್ ಹಾಕಿ ಪ್ರಿಂಟ್ ಮಾಡಿದರೆ ಕೀ ಕಾಣುತ್ತದೆ, ಇದೆಯೇ ಎಂದು ಕೇಳಿದರೆ ಇಲ್ಲ ಅನ್ನುತ್ತದೆ. ಪೈಥಾನ್ ಲಿಸ್ಟನ್ನು ಬಾಗಿಲಲ್ಲೇ ತಡೆಯುವುದು ಇದಕ್ಕೆ. ಒಳಗೆ ಲಿಸ್ಟ್ ಇರುವ ಟಪಲ್ ಕೂಡ ಕೀ ಆಗಲಾರದು, ಹ್ಯಾಶ್ ಒಳಗಿನವರೆಗೂ ಇಳಿಯುತ್ತದೆ. ನೀವೇ ಕ್ಲಾಸ್ ಬರೆದು ಸಮಾನತೆಯ ಮೆಥಡ್ ಮಾತ್ರ ಕೊಟ್ಟರೆ ಪೈಥಾನ್ 3 ಆ ಕ್ಲಾಸಿನ ಹ್ಯಾಶ್ ಕಿತ್ತುಕೊಳ್ಳುತ್ತದೆ.

ಅರ್ಧವಿರಾಮ

ಜಾವಾ ಇಷ್ಟು ಕಟ್ಟುನಿಟ್ಟಲ್ಲ. ಅರೇಲಿಸ್ಟನ್ನು ಹ್ಯಾಶ್‌ಮ್ಯಾಪ್ ಕೀ ಮಾಡಬಹುದು. ಬದಲಾಗುವ ಕೀ ಬಳಸಿದರೆ ತುಂಬ ಎಚ್ಚರ ಬೇಕು ಅಂತ ಡಾಕ್ಯುಮೆಂಟೇಷನ್‌ನಲ್ಲಿ ಒಂದು ಮಾತು ಬರೆದು ಕೈತೊಳೆದುಕೊಂಡಿದ್ದಾರೆ. ಜಾವಾಸ್ಕ್ರಿಪ್ಟ್ ಮ್ಯಾಪ್ ಇನ್ನೊಂದು ತುದಿ, ಆಬ್ಜೆಕ್ಟ್ ಕೀ ಆದರೆ ಗುರುತನ್ನು ಮಾತ್ರ ನೋಡುತ್ತದೆ. ಒಳಗೇನು ಬದಲಾದರೂ ಕೀ ಸಿಗುತ್ತದೆ, ಆದರೆ ಅದೇ ಬೆಲೆಯ ಬೇರೆ ಆಬ್ಜೆಕ್ಟ್ ಕೊಟ್ಟರೆ ಸಿಗುವುದಿಲ್ಲ.

ಬೈಟೂಕಾಫಿ

ಗುರುತು ಬೇರೆ, ಬೆಲೆ ಬೇರೆ ಅಂತ ಎಲ್ಲರೂ ಗಂಟು ಕಟ್ಟಿಟ್ಟಿರಲ್ಲ. ಎರಡನ್ನೂ ಕಲಸುವ ಒಂದು ಜಾಗ ಪೈಥಾನ್‌ನಲ್ಲೇ ಇದೆ. ಫ್ಲೋಟ್‌ನ ನ್ಯಾನ್ ("ಸಂಖ್ಯೆಯಲ್ಲ" ಎಂಬ ವಿಶೇಷ ಬೆಲೆ) ತಗೊಂಡು ನ ಎಂಬ ಹೆಸರಿಗೆ ಕಟ್ಟಿ. ನ == ನ ಫಾಲ್ಸ್, ಅದು ಫ್ಲೋಟಿಂಗ್ ಪಾಯಿಂಟ್ ನಿಯಮ. ಆದರೆ [ನ] == [ನ] ಟ್ರೂ! ಲಿಸ್ಟ್ ಹೋಲಿಸುವಾಗ ಪೈಥಾನ್ ಮೊದಲು ಗುರುತು ನೋಡಿ, ಒಂದೇ ಆದರೆ ಬೆಲೆ ಕೇಳುವುದೇ ಇಲ್ಲ. ಮೀಟರ್ ರೀಡಿಂಗ್ ಬಾರದ ತಿಂಗಳಿಗೆ ನ್ಯಾನ್ ಹಾಕುವವರಿದ್ದರೆ ಎಚ್ಚರ.

ಶುದ್ಧಫಂಕ್ಷನ್

ಇಷ್ಟೆಲ್ಲ ಓದಿದೆ. ಪುಟ್ಟ, ಪ್ರಜ್ವಲ್, ಟಪಲ್, ಯಾಮಲ್. ರೋಗ ಒಂದೇ, ಔಷಧಿ ಮಾತ್ರ ಹತ್ತು. ಬದಲಾಗುವ ಡೇಟಾ ಯಾಕೆ ಬೇಕು? ಕ್ಲೋಜರ್ ಭಾಷೆಯಲ್ಲಿ ವೆಕ್ಟರ್ (ಅಲ್ಲಿನ ಲಿಸ್ಟ್ ಥರದ್ದು) ಬದಲಾಗುವುದೇ ಇಲ್ಲ. ಒಂದು ಸ್ಥಾನಕ್ಕೆ ಹೊಸ ಬೆಲೆ ಕೊಟ್ಟರೆ ಹೊಸ ವೆಕ್ಟರ್ ಸಿಗುತ್ತದೆ, ಹಳೆಯದು ಹಾಗೇ ಇರುತ್ತದೆ. ಪೂರ್ತಿ ನಕಲೂ ಅಲ್ಲ. ಒಳಗೆ 32 ಕವಲಿನ ಮರ ಇದೆ, ಬೇರಿನಿಂದ ಆ ಎಲೆಯವರೆಗಿನ ಕೆಲವೇ ನೋಡ್ ಹೊಸದಾಗುತ್ತವೆ, ಉಳಿದದ್ದನ್ನು ಹಳೆಯ ವೆಕ್ಟರ್ ಜೊತೆ ಹಂಚಿಕೊಳ್ಳುತ್ತದೆ. ಹಂಚಿಕೆ ಅಲ್ಲಿಯೂ ಇದೆ, ಆದರೆ ಅದರಿಂದ ಯಾರಿಗೂ ತೊಂದರೆ ಇಲ್ಲ.

ಪಡುವಣಗಾಳಿ

ಸರಿ, ಆದರೆ 24 ಮನೆಯ ನೀರಿನ ಬಿಲ್ಲಿಗೆ ಕ್ಲೋಜರ್ ಕಲಿಯಿರಿ ಅನ್ನುವುದು ಅತಿಯಾಯಿತು. ಪೈಥಾನ್‌ನಲ್ಲೇ ಬೇಕಾದ ಕಡೆ ಟಪಲ್, ಫ್ರೋಜನ್‌ಸೆಟ್, ಫ್ರೋಜನ್ ಡೇಟಾಕ್ಲಾಸ್ ಬಳಸಬಹುದು. ಲಿಸ್ಟ್ ಕಟ್ಟುವಾಗ ಒಂದು ಫಂಕ್ಷನ್ ಒಳಗೇ ಕಟ್ಟಿ, ಹೊರಗೆ ಕೊಡುವಾಗ ಟಪಲ್ ಮಾಡಿ ಕೊಡಿ. ಒಳಗೆ ಎಷ್ಟು ತಿದ್ದಿದರೂ ಬೇರೆ ಯಾರೂ ಅದನ್ನು ಹಿಡಿದುಕೊಂಡಿಲ್ಲವಲ್ಲ. ರಸ್ಟ್ ಭಾಷೆ ಇದನ್ನೇ ಕಂಪೈಲರ್ ನಿಯಮ ಮಾಡಿದೆ: ಹಲವರು ಓದಬಹುದು, ಇಲ್ಲವೇ ಒಬ್ಬರು ತಿದ್ದಬಹುದು, ಎರಡೂ ಒಟ್ಟಿಗೆ ಆಗದು. ನನಗೆ ಆ ದಾರಿಯೇ ಹೆಚ್ಚು ಹಿಡಿಸುತ್ತದೆ.

ನೀರುಗಂಟಿಯವರೇ, ಮುಂದೆ ಕೋಷ್ಟಕಗಳ ಲೈಬ್ರರಿ ಪಾಂಡಾಸ್‌ಗೆ ಹೋಗುವ ಯೋಚನೆ ಇದ್ದರೆ ಒಂದು ಮಾತು. ಲಿಸ್ಟ್ ಸ್ಲೈಸ್ ಮಾಡಿದರೆ ಹೊಸ ಲಿಸ್ಟ್. ಸಂಖ್ಯೆಗಳ ಲೈಬ್ರರಿ ನಂಪೈನ ಅರೇ ಸ್ಲೈಸ್ ಮಾಡಿದರೆ ಬರೀ ಕಿಟಕಿ, ಅದರಲ್ಲಿ ಬರೆದರೆ ಮೂಲವೇ ಬದಲಾಗುತ್ತದೆ. ಪಾಂಡಾಸ್‌ನಲ್ಲಿ ಎರಡರಲ್ಲಿ ಯಾವುದು ಸಿಗುತ್ತದೆ ಎಂದು ಹೇಳುವುದೇ ಕಷ್ಟವಾಗಿತ್ತು. ಆ ಗೊಂದಲ ಕಳೆಯಲು ಕಾಪಿ ಆನ್ ರೈಟ್ (ತಿದ್ದುವಾಗ ಮಾತ್ರ ನಕಲು ಮಾಡುವುದು) ತಂದರು, 3.0ರಲ್ಲಿ ಅದೇ ಡೀಫಾಲ್ಟ್.

ಗಿರ್ಮಿಟ್

ಬದಲಾಗದ ಆಬ್ಜೆಕ್ಟ್ ಖರೇನೇ ಬದಲಾಗಂಗಿಲ್ಲೇನ್ರೀ? ರೆಫರೆನ್ಸ್ ಕೌಂಟ್, ಅಂದ್ರ ಎಷ್ಟ ಕಡೆಯಿಂದ ಹಿಡಕೊಂಡಾರ ಅನ್ನೂ ಎಣಿಕಿ, ಆಬ್ಜೆಕ್ಟ್ ಒಳಗ ಇರ್ತೈತಲ್ಲ. ನನ್ ಅನ್ನ ಯಾರರ ಹಿಡಕೊಂಡ್ರ ಅದರ ಕೌಂಟ್ ಏರಬೇಕು.

ಪಡುವಣಗಾಳಿ

ಭಲೇ! ನಿಜಕ್ಕೂ ಏರುತ್ತಿತ್ತು. ಪೈಥಾನ್ ಕೋಡ್ ಕಣ್ಣಿಗೆ ನನ್ ಬದಲಾಗದು, ಆದರೆ ಮೆಮೊರಿಯಲ್ಲಿ ಅದು ಎಡೆಬಿಡದೆ ಬದಲಾಗುತ್ತಿತ್ತು. ಇನ್‌ಸ್ಟಾಗ್ರಾಮ್‌ನ ಸರ್ವರ್‌ಗಳಲ್ಲಿ ಇದು ದೊಡ್ಡ ತೊಂದರೆಯಾಗಿತ್ತು. ಅಲ್ಲಿ ಒಂದು ಪ್ರೋಸೆಸ್‌ನಲ್ಲಿ ಎಲ್ಲ ಲೋಡ್ ಮಾಡಿ, ಅದನ್ನು ಫೋರ್ಕ್ ಮಾಡಿ (ಅದರಂಥವೇ ಮಕ್ಕಳ ಪ್ರೋಸೆಸ್ ಹುಟ್ಟಿಸಿ), ಮಕ್ಕಳೆಲ್ಲ ಒಂದೇ ಮೆಮೊರಿ ಹಂಚಿಕೊಳ್ಳುವಂತೆ ಮಾಡುತ್ತಿದ್ದರು. ಮೆಮೊರಿಯ ಒಂದು ಪುಟದ ಮೇಲೆ ಯಾರಾದರೂ ಬರೆದರೆ ಆ ಪುಟದ ನಕಲಾಗುತ್ತದೆ. ಯಾರೂ ಏನೂ ತಿದ್ದದಿದ್ದರೂ ರೆಫರೆನ್ಸ್ ಕೌಂಟ್ ಬರೆಯುವುದರಿಂದಲೇ ಪುಟಗಳು ನಕಲಾಗುತ್ತಿದ್ದವು. ಪಿಇಪಿ 683 ಎಂಬ ಸುಧಾರಣಾ ಪ್ರಸ್ತಾವದ ಮೂಲಕ ಪೈಥಾನ್ 3.12ಕ್ಕೆ ಇಮ್ಮಾರ್ಟಲ್ ಆಬ್ಜೆಕ್ಟ್‌ಗಳು ಬಂದವು. ನನ್, ಟ್ರೂ, ಫಾಲ್ಸ್, ಸಣ್ಣ ಪೂರ್ಣಾಂಕಗಳ ಕೌಂಟನ್ನು ಈಗ ಯಾರೂ ಮುಟ್ಟುವುದಿಲ್ಲ.

ಅರ್ಧವಿರಾಮ

ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುವಂತೆ ಮಾಡುವ ಬೀಗ) ಇಲ್ಲದ ಪೈಥಾನ್‌ಗೂ ಇದು ಬೇಕೇ ಬೇಕಲ್ಲವೇ? ಇಲ್ಲದಿದ್ದರೆ ಎಲ್ಲ ಥ್ರೆಡ್‌ಗಳೂ ನನ್‌ನ ಒಂದೇ ಕೌಂಟರ್‌ಗೆ ಮುಗಿಬೀಳುತ್ತವೆ.

ಪಡುವಣಗಾಳಿ

ಹೌದು ಮೇಡಂ. 3.13ರಲ್ಲಿ ಪ್ರಾಯೋಗಿಕವಾಗಿ ಬಂದ ಆ ಬಿಲ್ಡ್ 3.14ರಲ್ಲಿ ಅಧಿಕೃತವಾಗಿ ಬೆಂಬಲಿತ. ಅಲ್ಲಿ ಲಿಸ್ಟ್‌ಗೆ ಅಪೆಂಡ್ ಮಾಡುವಾಗ ಒಳಗಿನ ರಚನೆ ಕೆಡದಂತೆ ಪ್ರತಿ ಲಿಸ್ಟಿಗೂ ಬೀಗ ಇದೆ. ಆದರೆ ಎರಡು ಥ್ರೆಡ್ ಲೆಕ್ಕ[3][0] += 1 ಅಂದರೆ ಆ ಬೀಗ ಸಾಲದು, ಬೈಟೂಕಾಫಿ ಹೇಳಿದ ಮೂರು ಹೆಜ್ಜೆ ನೆನಪಿದೆಯಲ್ಲ. ಒಂದು ಥ್ರೆಡ್ ಓದಿ ಬರೆಯುವ ನಡುವೆ ಇನ್ನೊಂದು ಓದಿಬಿಟ್ಟರೆ ಒಂದು ಎಣಿಕೆ ಕಳೆದುಹೋಗುತ್ತದೆ. ಅದಕ್ಕೆ ಥ್ರೆಡಿಂಗ್ ಮಾಡ್ಯೂಲಿನ ಲಾಕ್ ನೀವೇ ಹಾಕಬೇಕು. ಜಿಐಎಲ್ ಇರುವ ಬಿಲ್ಡ್‌ನಲ್ಲೂ ಹಾಕಲೇಬೇಕು.